‘ಎಟರ್ನಲ್ ಫ್ಲೇಮ್’ ಶೋಕಗೀತೆಯೇ? ಕೊನೆಯ ಬಾರಿ ಹೇಳುತ್ತೇನೆ

ಪ್ರಶ್ನೆ: ಮುಂದಿನ ತಿಂಗಳು ನನ್ನ ತಂಗಿಯ ಆರತಕ್ಷತೆ. ನಾನೂ ಚಿಕ್ಕಪ್ಪನ ಇಬ್ಬರು ಹೆಣ್ಣುಮಕ್ಕಳೂ ಸೇರಿ ಅಮೆರಿಕದ ರಾಕ್ ತಂಡ ಬ್ಯಾಂಗಲ್ಸ್‌ನ ‘ಎಟರ್ನಲ್ ಫ್ಲೇಮ್’ ಹಾಡಬೇಕು ಎಂದುಕೊಂಡಿದ್ದೇವೆ. ಆದರೆ ಅದು ರಾಕ್ ಗಾಯಕ ಎಲ್ವಿಸ್ ಪ್ರೀಸ್ಲಿಯ ಸಮಾಧಿಯ ಮುಂದೆ ಹುಟ್ಟಿದ ಹಾಡು, ಶುಭಕಾರ್ಯದಲ್ಲಿ ಹಾಡಬಾರದು ಎಂದು ನಮ್ಮ ಭಾವ ಹಟ ಹಿಡಿದಿದ್ದಾರೆ. ನಿಜವೇ?

ಧೈರ್ಯವಾಗಿ ಹಾಡಿ. ಅದು ಬದುಕಿರುವ ಒಬ್ಬ ಪ್ರಿಯನ ಕೈ ಹಿಡಿದು ಹಾಡುವ ಹಾಡು. ನಿಮ್ಮ ಭಾವನವರಿಗೆ ಈ ಉತ್ತರವನ್ನು ಪೂರ್ತಿ ಓದಿ ಹೇಳಿ. ಅರ್ಧ ಓದಿ ಬಿಡಬೇಡಿ. ಈ ಹಾಡಿನ ಬಗ್ಗೆ ಇರುವ ತಪ್ಪು ತಿಳಿವಳಿಕೆಯೆಲ್ಲ ಅರ್ಧ ಕೇಳಿದವರಿಂದಲೇ ಹುಟ್ಟಿದ್ದು.

ಗಿಟಾರ್ ಕಲಿಸುತ್ತಾ ಇಪ್ಪತ್ತೆರಡು ವರ್ಷವಾಯಿತು. ಮದುವೆಯ ಕಾಲ ಬಂದರೆ ಈ ಪ್ರಶ್ನೆ ಬಂದೇ ಬರುತ್ತದೆ. ಕೇಳುವವರು ಬೇರೆ, ಹಾಡಬಾರದು ಎನ್ನುವವರು ಬೇರೆ, ಕಥೆ ಮಾತ್ರ ಒಂದೇ: ತಂಡದ ಗಾಯಕಿ ಸುಸಾನಾ ಹಾಫ್ಸ್ ಎಲ್ವಿಸ್ ಸಮಾಧಿಯ ಮುಂದೆ ನಿಂತು ಕಣ್ಣೀರಿಟ್ಟರು, ಅಲ್ಲಿ ಉರಿಯುತ್ತಿದ್ದ ದೀಪವನ್ನು ನೋಡಿ ಅಲ್ಲೇ ಈ ಹಾಡು ಬರೆದರು. ಈ ಕಥೆಯಲ್ಲಿ ಸಮಾಧಿ ನಿಜ, ದೀಪವಿದ್ದದ್ದೂ ನಿಜ. ಉಳಿದದ್ದೆಲ್ಲ ಬಾಯಿಂದ ಬಾಯಿಗೆ ಬರುವಾಗ ಸೇರಿಕೊಂಡದ್ದು. ಬಿಡಿಸಿ ನೋಡೋಣ.

ಎಲ್ವಿಸ್ ತೀರಿಕೊಂಡದ್ದು 1977ರ ಆಗಸ್ಟ್ 16ರಂದು. ಮೊದಲು ಮೆಂಫಿಸ್ ನಗರದ ಒಂದು ಸಾರ್ವಜನಿಕ ಸ್ಮಶಾನದಲ್ಲಿ, ತಾಯಿಯ ಪಕ್ಕದಲ್ಲಿ ಇರಿಸಿದ್ದರು. ಅಲ್ಲಿ ಕಾವಲು ಕಷ್ಟವಾದ್ದರಿಂದ ಅದೇ ಅಕ್ಟೋಬರ್‌ನಲ್ಲಿ ಇಬ್ಬರನ್ನೂ ಅವರ ಮನೆ ಗ್ರೇಸ್‌ಲ್ಯಾಂಡ್‌ನ ತೋಟಕ್ಕೆ ತಂದರು. 1982ರಲ್ಲಿ ಆ ಮನೆ ಸಾರ್ವಜನಿಕರಿಗೆ ತೆರೆಯಿತು. ಸಮಾಧಿಯ ತಲೆಯ ಕಡೆ ಒಂದು ಆರದ ಜ್ವಾಲೆ ಇದೆ; ಇಂಗ್ಲಿಷಿನಲ್ಲಿ ಅದನ್ನು ಎಟರ್ನಲ್ ಫ್ಲೇಮ್ ಎಂದೇ ಕರೆಯುತ್ತಾರೆ. ಎಂಬತ್ತರ ದಶಕದಲ್ಲಿ ಸಂಗೀತ ಪ್ರವಾಸದ ನಡುವೆ ಬ್ಯಾಂಗಲ್ಸ್ ತಂಡದವರು ಅಲ್ಲಿಗೆ ಹೋದರು. ಆ ದಿನ ಮಳೆ. ಜ್ವಾಲೆಯನ್ನು ಕಾಪಾಡಬೇಕಾದ ಪೆಟ್ಟಿಗೆಯೊಳಗೆ ನೀರು ತುಂಬಿ, ಜ್ವಾಲೆ ಆರಿಹೋಗಿತ್ತು. ಇದೇನು ಪೆಟ್ಟಿಗೆ ಎಂದು ಕೇಳಿದಾಗ, ಅದೇ ಆರದ ಜ್ವಾಲೆ ಎಂಬ ಉತ್ತರ ಬಂತು.

ಹಾಫ್ಸ್ ಅವರೇ ಹೇಳಿಕೊಂಡಿರುವ ನೆನಪು ಇದು. ಉರಿಯುವ ದೀಪವನ್ನು ನೋಡಿ ಭಾವುಕರಾದರು ಎಂಬ ಮಾತು ಇಲ್ಲಿಗೇ ಬಿದ್ದುಹೋಯಿತು: ಅವರು ನೋಡಿದ್ದು ನೀರು ತುಂಬಿದ ಒಂದು ಪೆಟ್ಟಿಗೆಯನ್ನು. ಅಲ್ಲಿ ಅವರು ಹಾಡನ್ನೂ ಬರೆಯಲಿಲ್ಲ. ಅಲ್ಲಿಂದ ತಂದದ್ದು ಎರಡು ಪದ, ಅಷ್ಟೇ.

ಆ ಎರಡು ಪದ ಹಾಡಾದದ್ದು ಬಿಲ್ಲಿ ಸ್ಟೈನ್‌ಬರ್ಗ್ ಎಂಬ ಗೀತರಚನೆಕಾರರ ಕೈಯಲ್ಲಿ. ಸ್ಟೈನ್‌ಬರ್ಗ್ ಮತ್ತು ಟಾಮ್ ಕೆಲ್ಲಿ ಜೋಡಿ ಅದಾಗಲೇ ಹೆಸರು ಮಾಡಿತ್ತು. ಸಿಂಡಿ ಲಾಪರ್ ಹಾಡಿದ ‘ಟ್ರೂ ಕಲರ್ಸ್’ ಅವರದೇ. ಸ್ಟೈನ್‌ಬರ್ಗ್ ಸಾಹಿತ್ಯ ಬರೆಯುವವರು, ಕೆಲ್ಲಿ ರಾಗ ಹಾಕುವವರು. ಹಾಫ್ಸ್ ಈ ಗ್ರೇಸ್‌ಲ್ಯಾಂಡ್ ಪ್ರಸಂಗವನ್ನು ಹೇಳಿದಾಗ ಸ್ಟೈನ್‌ಬರ್ಗ್ ಅವರಿಗೆ ಎಲ್ವಿಸ್ ನೆನಪಾಗಲಿಲ್ಲ. ಅವರ ಮನಸ್ಸು ಓಡಿದ್ದು ತಾವು ಬೆಳೆದ ಊರಿಗೆ. ಕ್ಯಾಲಿಫೋರ್ನಿಯಾದ ಮರಳುಗಾಡಿನ ಅಂಚಿನಲ್ಲಿ ಪಾಮ್ ಸ್ಪ್ರಿಂಗ್ಸ್ ಎಂಬ ಊರು. ತಂದೆ ದ್ರಾಕ್ಷಿ ಬೆಳೆಗಾರರು. ಅಲ್ಲಿನ ಯಹೂದಿ ಪ್ರಾರ್ಥನಾ ಮಂದಿರದಲ್ಲಿ ಒಂದು ಚಿಕ್ಕ ಕೆಂಪು ದೀಪ ಇತ್ತು. ಅದೇ ಎಟರ್ನಲ್ ಫ್ಲೇಮ್ ಎಂದು ಚಿಕ್ಕಂದಿನಲ್ಲಿ ಅವರಿಗೆ ಹೇಳಿಕೊಟ್ಟಿದ್ದರು. ಹಾಡಿನ ಹೆಸರಿಗೆ ಇದಕ್ಕಿಂತ ಒಳ್ಳೆಯ ಪದ ಬೇಕಿಲ್ಲ ಎಂದು ಅವರಿಗೆ ಅನ್ನಿಸಿದ್ದು ಆ ಕೆಂಪು ದೀಪದಿಂದ.

ಯಹೂದಿ ಮಂದಿರಗಳಲ್ಲಿ ಧರ್ಮಗ್ರಂಥದ ಸುರುಳಿಗಳನ್ನು ಇಟ್ಟ ಪೆಟ್ಟಿಗೆಯ ಮುಂದೆ ಇಂಥ ದೀಪ ಸದಾ ಉರಿಯುತ್ತಿರಬೇಕು. ಹೀಬ್ರೂ ಭಾಷೆಯಲ್ಲಿ ಅದರ ಹೆಸರು ನೇರ್ ತಮೀದ್. ಒಂದು ಕಾಲಕ್ಕೆ ಆಲಿವ್ ಎಣ್ಣೆಯಿಂದ ಉರಿಯುತ್ತಿತ್ತು, ಈಗ ಹೆಚ್ಚಿನ ಕಡೆ ವಿದ್ಯುತ್ ಬಲ್ಬು. ಕನ್ನಡದವರಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯವೇ ಇಲ್ಲ. ನಮ್ಮಲ್ಲಿ ನಂದಾದೀಪ ಎಂಬ ಪದವಿದೆ. ಗರ್ಭಗುಡಿಯಲ್ಲಿ ನಂದಾದೀಪ ಕಂಡಾಗ ಯಾರು ತೀರಿಕೊಂಡರು ಎಂದು ಯಾರೂ ಕೇಳುವುದಿಲ್ಲ. ಎಣ್ಣೆ ಹಾಕಿದವರು ಯಾರು, ಬತ್ತಿ ಸರಿಯಾಗಿದೆಯೇ ಎಂದು ನೋಡುತ್ತೇವೆ. ಹಾಡಿನ ಹೆಸರನ್ನು ‘ನಂದಾದೀಪ’ ಎಂದು ಕನ್ನಡಿಸಿ ನಿಮ್ಮ ಭಾವನವರಿಗೆ ಒಮ್ಮೆ ಹೇಳಿ ನೋಡಿ. ಮದುವೆಮನೆಗೆ ಒಪ್ಪದ ಹೆಸರು ಎನ್ನಲು ಅವರಿಗೂ ಬಾಯಿ ಬರುವುದಿಲ್ಲ.

ಇಷ್ಟು ಹೇಳಿದರೂ ಪಟ್ಟು ಬಿಡದವರು ಇದ್ದಾರೆ. ಅವರು ಹಾಡಿನೊಳಗಿನಿಂದಲೇ ಎರಡು ಸಾಕ್ಷಿ ತರುತ್ತಾರೆ. ಮೊದಲನೆಯದು ನಿದ್ರೆ. ಎರಡನೆಯ ಚರಣದಲ್ಲಿ ಹಾಡುವವಳು, ನೀನು ಮಲಗಿರುವಾಗ ನಿನ್ನನ್ನೇ ನೋಡುತ್ತಿರುತ್ತೇನೆ ಎನ್ನುತ್ತಾಳೆ. ನಿದ್ರೆ ಎಂದರೆ ಚಿರನಿದ್ರೆ ಎಂದು ಇವರ ವಾದ. ಹಾಗಾದರೆ ಮೊದಲನೆಯ ಚರಣವನ್ನು ಏನು ಮಾಡುವುದು? ಅಲ್ಲಿ ಅವಳು, ಕಣ್ಣು ಮುಚ್ಚಿಕೋ, ಕೈ ಕೊಡು, ನನ್ನ ಎದೆ ಬಡಿದುಕೊಳ್ಳುವುದು ನಿನಗೆ ತಿಳಿಯುತ್ತಿದೆಯೇ, ನಿನಗೂ ಹೀಗೆಯೇ ಆಗುತ್ತಿದೆಯೇ ಎಂದು ಒಂದರ ಮೇಲೊಂದು ಕೇಳುತ್ತಾಳೆ. ಕಣ್ಣು ತೆರೆದಿರುವವನಿಗೆ ಮಾತ್ರ ಕಣ್ಣು ಮುಚ್ಚಿಕೋ ಎನ್ನಬಹುದು. ಪಕ್ಕದಲ್ಲಿ ಮಲಗಿರುವ ಪ್ರಿಯನ ಮುಖವನ್ನು ರಾತ್ರಿ ಎದ್ದು ನೋಡುವವರು ಎಲ್ಲ ಕಾಲದಲ್ಲೂ ಇದ್ದಾರೆ. ಅದರಲ್ಲಿ ಸಾವಿನ ನೆರಳು ಹುಡುಕಬೇಕಿಲ್ಲ.

ಎರಡನೆಯದು ಮಳೆ. ಮಳೆಯ ನಡುವೆ ಬಿಸಿಲು ಹೊಳೆಯುವ ಒಂದು ಸಾಲು ಹಾಡಿನಲ್ಲಿದೆ. ಗ್ರೇಸ್‌ಲ್ಯಾಂಡ್‌ನಲ್ಲಿ ಮಳೆ ಬಂದಿತ್ತಲ್ಲ, ಅದೇ ಇದು ಎನ್ನುತ್ತಾರೆ. ಆ ಮಳೆ ದೀಪವನ್ನು ಆರಿಸಿತ್ತು. ಹಾಡಿನ ಮಳೆಯಲ್ಲಿ ಬಿಸಿಲಿದೆ, ಒಂಟಿಯಾಗಿ ಕಳೆದ ಬದುಕಿಗೆ ಜೊತೆ ಸಿಕ್ಕ ಸಮಾಧಾನವಿದೆ. ನಮ್ಮ ಕಡೆ ಮಳೆ ಬಿಸಿಲು ಒಟ್ಟಿಗೆ ಬಂದರೆ ಕಾಗೆಗೂ ನರಿಗೂ ಮದುವೆ ಎಂದು ಮಕ್ಕಳು ಕುಣಿಯುತ್ತಾರೆ. ಆ ಸಾಲನ್ನು ಕೇಳಿದಾಗ ನನಗೆ ನೆನಪಾಗುವುದು ಅದು.

ಹೆಸರೊಂದನ್ನೇ ಹಿಡಿದು ಜಗ್ಗುವುದಾದರೆ ವಾಷಿಂಗ್ಟನ್ ಪಕ್ಕದ ಆರ್ಲಿಂಗ್ಟನ್‌ನಲ್ಲಿ ಅಮೆರಿಕದ ಅಧ್ಯಕ್ಷರಾಗಿದ್ದ ಕೆನಡಿ ಸಮಾಧಿಯ ಮೇಲೂ 1963ರಿಂದ ಇದೇ ಹೆಸರಿನ ಜ್ವಾಲೆ ಉರಿಯುತ್ತಿದೆ. ಹಾಡು ಕೆನಡಿಯದೆಂದೂ ಹೇಳಬಹುದು! ಆರದ ಜ್ವಾಲೆ ಎಂಬುದು ಇಂಗ್ಲಿಷಿನಲ್ಲಿ ಸಾಮಾನ್ಯ ಹೆಸರು. ಅದು ಯಾವ ಸಮಾಧಿಯ ಸ್ವತ್ತೂ ಅಲ್ಲ.

ಕೆಲವು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಎಂಟನೆಯ ತರಗತಿ ಓದುತ್ತಿದ್ದ ಒಬ್ಬ ಹುಡುಗಿ ಈ ಹಾಡನ್ನು ಕಲಿಯುತ್ತಿದ್ದಳು. ಮೂರನೆಯ ದಿನ ಗಿಟಾರ್ ಕೆಳಗಿಟ್ಟು, “ಮಿಸ್, ಇವರು ದೀಪ ಆರುವುದಿಲ್ಲ ಎಂದು ಹೇಳುತ್ತಲೇ ಇಲ್ಲವಲ್ಲ, ಆರುವುದಿಲ್ಲವೇ ಎಂದು ಕೇಳುತ್ತಿದ್ದಾರೆ ಅಲ್ಲವೇ?” ಎಂದಳು. ಆ ದಿನದ ಸಂತೋಷವನ್ನು ನಾನು ಮರೆತಿಲ್ಲ. ದೊಡ್ಡವರು ಸಮಾಧಿ ಹುಡುಕುತ್ತಿದ್ದಾಗ ಅವಳು ಪ್ರಶ್ನಾರ್ಥಕ ಚಿಹ್ನೆಯನ್ನು ಕಂಡಿದ್ದಳು. ನಾನು ಕನಸು ಕಾಣುತ್ತಿದ್ದೇನೆಯೇ, ಇದು ನಿಜವಾಗಿಯೂ ಆರದ ಜ್ವಾಲೆಯೇ ಎಂದು ಹಾಡು ಕೇಳುತ್ತದೆ, ಉತ್ತರ ಕೊಡುವುದಿಲ್ಲ. ಅಭಿಮಾನಿಗಳು ಮೂವತ್ತು ವರ್ಷಗಳಿಗೂ ಮೀರಿ ಈ ಹಾಡನ್ನು ಎದೆಗೆ ಒತ್ತಿಕೊಂಡಿರುವುದು ಈ ಅಳುಕಿಗಾಗಿ ಎಂದು ನಾನು ನಂಬುತ್ತೇನೆ. ಎಂದೆಂದಿಗೂ ನಿನ್ನವಳು ಎಂದು ಆಣೆ ಇಡುವ ಹಾಡುಗಳು ಸಾವಿರ ಇವೆ. ಸಿಕ್ಕಿದ್ದು ಉಳಿಯುತ್ತದೆಯೇ ಎಂದು ಮೆಲ್ಲಗೆ ಕೇಳುವ ಧೈರ್ಯ ಕೆಲವಕ್ಕೆ ಮಾತ್ರ ಇದೆ.

ಧ್ವನಿಮುದ್ರಣದ ವೇಳೆ ಗಾಯಕಿ ಬಟ್ಟೆ ಇಲ್ಲದೆ ಹಾಡಿದರು ಎಂಬ ಕಥೆಯ ಬಗ್ಗೆಯೂ ಕೇಳುತ್ತಾರೆ. ನಿಜ. ಇನ್ನೊಬ್ಬ ಗಾಯಕಿ ಒಲಿವಿಯಾ ನ್ಯೂಟನ್-ಜಾನ್ ಹಾಗೆ ಹಾಡುತ್ತಾರೆ ಎಂದು ನಿರ್ಮಾಪಕ ಡೇವಿಟ್ ಸಿಗರ್ಸನ್ ತಮಾಷೆಗೆ ಹೇಳಿದ್ದನ್ನು ಹಾಫ್ಸ್ ನಂಬಿದರು, ಕತ್ತಲ ಕೋಣೆಯಲ್ಲಿ ಒಬ್ಬರೇ ಹಾಡಿದರು. ಅಲ್ಲಿಗೆ ಆ ವಿಷಯ ಮುಗಿಯಿತು. ಕೇಳಬೇಕಾದ ಬೇರೆ ಪ್ರಶ್ನೆಗಳಿವೆ, ಅವನ್ನು ಯಾರೂ ಕೇಳುವುದಿಲ್ಲ.

ಉದಾಹರಣೆಗೆ, ಇದು ಒಬ್ಬಳ ಹಾಡೇ, ತಂಡದ ಹಾಡೇ? ಈ ತಂಡ ಎಲ್ಲಿಂದ ಬಂತು ಎಂದು ತಿಳಿಯದೆ ಉತ್ತರ ಸಿಗುವುದಿಲ್ಲ. ಹೆಂಗಸರೇ ಗಿಟಾರ್, ಡ್ರಮ್ಸ್, ಬೇಸ್ ನುಡಿಸುವ ರಾಕ್ ತಂಡವನ್ನು ಅಮೆರಿಕದ ದೊಡ್ಡ ಸಂಗೀತ ಕಂಪನಿಗಳು ವಿಚಿತ್ರ ಪ್ರಾಣಿಯಂತೆ ನೋಡುತ್ತಿದ್ದ ಕಾಲವದು. 1970ರಲ್ಲಿ ‘ಫ್ಯಾನಿ’ ತಂಡ ಮೊದಲ ಆಲ್ಬಂ ತಂದಿತು. 1975ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ‘ದಿ ರನ್‌ಅವೇಸ್’ ಹುಟ್ಟಿತು. 1982ರಲ್ಲಿ ‘ಗೋ-ಗೋಸ್’ ತಂಡದ ಆಲ್ಬಂ ಆರು ವಾರ ಅಮೆರಿಕದ ಜನಪ್ರಿಯ ಆಲ್ಬಂಗಳ ಪಟ್ಟಿಯ ತುದಿಯಲ್ಲಿ ನಿಂತಿತು. ಈ ಹಾದಿಯಲ್ಲೇ 1981ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಬ್ಯಾಂಗಲ್ಸ್ ಕಟ್ಟಿದ್ದು ಹಾಫ್ಸ್ ಮತ್ತು ಪೀಟರ್ಸನ್ ಮನೆಯ ಅಕ್ಕತಂಗಿಯರು: ಗಿಟಾರ್ ನುಡಿಸುವ ವಿಕಿ, ಡ್ರಮ್ಸ್ ನುಡಿಸುವ ಡೆಬಿ. ಸ್ವಲ್ಪ ತಡವಾಗಿ ಬಂದ ಬೇಸ್ ವಾದಕಿ ಮೈಕಲ್ ಸ್ಟೀಲ್ ಹೆಸರಿನಿಂದ ಮೋಸ ಹೋಗಬೇಡಿ, ಅವರೂ ಹೆಣ್ಣೇ. ‘ರನ್‌ಅವೇಸ್’ ತಂಡದ ಆರಂಭದ ದಿನಗಳಲ್ಲಿ ಅಲ್ಲಿದ್ದವರು.

ನಾಲ್ವರೂ ಹಾಡುತ್ತಿದ್ದರು. ನಾಲ್ಕು ದನಿಗಳ ಹೊಂದಾಣಿಕೆಯೇ ಅವರ ಗುರುತು. ಆದರೆ ಅವರನ್ನು ಮೇಲಕ್ಕೇರಿಸಿದ ಹಾಡುಗಳನ್ನು ಬರೆದವರು ಹೊರಗಿನವರು. ‘ಮ್ಯಾನಿಕ್ ಮಂಡೇ’ ಗಾಯಕ ಪ್ರಿನ್ಸ್ ಕೊಟ್ಟದ್ದು. ‘ವಾಕ್ ಲೈಕ್ ಆ್ಯನ್ ಈಜಿಪ್ಷಿಯನ್’ ಲಿಯಾಮ್ ಸ್ಟರ್ನ್‌ಬರ್ಗ್ ಅವರದು. ‘ಹೇಜಿ ಶೇಡ್ ಆಫ್ ವಿಂಟರ್’ ಪಾಲ್ ಸೈಮನ್ ಬರೆದ ಹಳೆಯ ಹಾಡು. 1989ರ ಏಪ್ರಿಲ್ 1ರಂದು ‘ಎಟರ್ನಲ್ ಫ್ಲೇಮ್’ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಬಂದಾಗ, ಬ್ರಿಟನ್ನಿನಲ್ಲಿ ನಾಲ್ಕು ವಾರ ಅದೇ ಸ್ಥಾನದಲ್ಲಿ ನಿಂತಾಗ, ಆ ಹಾಡಿನ ಮೂವರು ಕರ್ತೃಗಳಲ್ಲಿ ತಂಡದ ಒಬ್ಬ ಹೆಣ್ಣುಮಗಳ ಹೆಸರಿತ್ತು. ನನ್ನ ವಿದ್ಯಾರ್ಥಿನಿಯರಿಗೆ ನಾನು ತಪ್ಪದೆ ಹೇಳುವ ಮಾತಿದು.

ಅದೇ ಹಾಡು ತಂಡಕ್ಕೆ ಮುಳ್ಳೂ ಆಯಿತು. 1988ರ ‘ಎವ್ರಿಥಿಂಗ್’ ಆಲ್ಬಂಗೆ ಹಾಡುಗಳನ್ನು ಆರಿಸುವಾಗ ತಂಡದವರು ಇದನ್ನು ಮೊದಲು ಕೈಬಿಟ್ಟಿದ್ದರು. ನಂತರವೇ ಇದಕ್ಕೆ ಜಾಗ ಸಿಕ್ಕಿತು. ಅವರು ಅರುವತ್ತರ ದಶಕದ ಗಿಟಾರ್ ಸಂಗೀತವನ್ನು ಪ್ರೀತಿಸಿ ಬೆಳೆದವರು, ಇದು ಕೀಬೋರ್ಡ್ ಮೇಲೆ ತೇಲುವ ಹಾಡು. ಪತ್ರಿಕೆಗಳು, ಕ್ಯಾಮೆರಾಗಳು ಮೊದಲಿನಿಂದಲೂ ಹಾಫ್ಸ್ ಮುಖವನ್ನೇ ಹುಡುಕುತ್ತಿದ್ದವು. ಈ ಹಾಡಿನ ಗೆಲುವು ಆ ಚಾಳಿಯನ್ನು ಹೆಚ್ಚಿಸಿತು. ಹಾಡು ಗೆದ್ದ 1989ರಲ್ಲೇ ತಂಡ ಒಡೆಯಿತು. ಸುಮಾರು ಹತ್ತು ವರ್ಷಗಳ ನಂತರ ಮತ್ತೆ ಕೂಡಿದರು, 2003ರಲ್ಲಿ ಹೊಸ ಆಲ್ಬಂ ತಂದರು. ಒಡೆದುಹೋದದ್ದಕ್ಕೆ ಹಾಡನ್ನು ದೂರುವುದು ನನಗೆ ಒಪ್ಪಿಗೆಯಿಲ್ಲ. ನಾಲ್ವರ ತಂಡದಲ್ಲಿ ಒಬ್ಬಳನ್ನೇ ನೋಡಿದವರ ತಪ್ಪು ಅದು.

ಕೊನೆಯ ಭಾಗದಲ್ಲಿ ಉಳಿದವರ ದನಿಗಳು ಹಾಫ್ಸ್ ದನಿಯ ಹಿಂದೆ ಬಂದು ನಿಲ್ಲುವುದನ್ನು ಹೆಡ್‌ಫೋನ್ ಹಾಕಿಕೊಂಡು ಕೇಳಿ. ಅವು ಇಲ್ಲದಿದ್ದರೆ ಹಾಡು ಅಷ್ಟು ಎತ್ತರಕ್ಕೆ ಹೋಗುತ್ತಿರಲಿಲ್ಲ. ಹೀಗಾಗಿ ನನ್ನ ಉತ್ತರ: ತಂಡದ ಹಾಡೇ.

ಇನ್ನು ನಿಮ್ಮ ಆರತಕ್ಷತೆಗೆ ಬರೋಣ. ಈ ಹಾಡಿಗೆ ನಾವು ತಿಳಿದಿರುವ ಅರ್ಥದಲ್ಲಿ ಪಲ್ಲವಿ ಇಲ್ಲ. ವಚನದ ಕೊನೆಗೆ ಅಂಕಿತ ಬರುವ ಹಾಗೆ ಪ್ರತಿ ಚರಣದ ಕೊನೆಗೆ ಹಾಡಿನ ಹೆಸರು ಬರುತ್ತದೆ. ನನ್ನ ಹೆಸರು ಹೇಳು ಎಂದು ಏರುದನಿಯಲ್ಲಿ ಬರುವ ಭಾಗವನ್ನು ಪಲ್ಲವಿ ಎಂದುಕೊಂಡು ಮೊದಲಿನಿಂದಲೇ ಕೂಗುವವರು ಹಾಡನ್ನು ಕೆಡಿಸುತ್ತಾರೆ. ಜಿ, ಇ ಮೈನರ್, ಸಿ, ಡಿ ಕಾರ್ಡ್‌ಗಳಿಂದ, ಅಂದರೆ ಒಟ್ಟಿಗೆ ನುಡಿಸುವ ಸ್ವರಗುಂಪುಗಳಿಂದ, ಶುರುವಾಗುತ್ತದೆ. ಗಿಟಾರ್ ಹಿಡಿದ ಎರಡನೆಯ ತಿಂಗಳಲ್ಲಿ ಕಲಿಯುವ ಕಾರ್ಡ್‌ಗಳೇ ಇವು. ಮೊದಲ ಚರಣವನ್ನು ನಿಮ್ಮಲ್ಲಿ ಒಬ್ಬರು, ಸಾಧ್ಯವಾದರೆ ಮದುಮಗಳ ಅಕ್ಕನಾದ ನೀವೇ, ತಂತಿಗಳನ್ನು ಒಂದೊಂದಾಗಿ ಮೀಟುತ್ತಾ ಮಾತನಾಡಿದಷ್ಟೇ ಮೆತ್ತಗೆ ಹಾಡಿ. ಚಿಕ್ಕಪ್ಪನ ಮಕ್ಕಳು ಎರಡನೆಯ ಚರಣದ ಕೊನೆಯವರೆಗೂ ಕಾಯಲಿ. ಮೈಕ್ ಒಂದೇ ಇದ್ದರೆ ಇನ್ನೆರಡನ್ನು ಈಗಲೇ ಕೇಳಿ ಇಟ್ಟುಕೊಳ್ಳಿ, ಮೂವರ ಎತ್ತರಕ್ಕೂ ಒಂದೊಂದು.