ಬಿಟ್ಟಿ ಶಾಲೆ ಫೀಸಿನ ಶಾಲೆಯಾದ ಬಗೆ: ಮ್ಯಾಂಚೆಸ್ಟರ್ ಗ್ರಾಮರ್ ಸ್ಕೂಲಿನ ಐದು ಶತಮಾನ

2025ರ ಜನವರಿ 1ರಿಂದ ಬ್ರಿಟನ್ನಿನ ಖಾಸಗಿ ಶಾಲೆಗಳ ಫೀಸಿನ ಮೇಲೆ ಶೇ 20ರಷ್ಟು ವ್ಯಾಟ್ ಬಿದ್ದಿದೆ. ಅಲ್ಲಿನ ಜಗಳ ಕೇಳಿದರೆ ಆ ದೇಶದಲ್ಲಿ ಎಂದಿನಿಂದಲೂ ಎರಡೇ ಬಗೆಯ ಶಾಲೆ ಇದ್ದವೇನೋ ಅನ್ನಿಸುತ್ತದೆ: ದುಡ್ಡಿದ್ದವರದ್ದು, ಇಲ್ಲದವರದ್ದು. ಆದರೆ ಇಂದು ಖಾಸಗಿ ಪಟ್ಟಿಯಲ್ಲಿರುವ ಮ್ಯಾಂಚೆಸ್ಟರ್ ಗ್ರಾಮರ್ ಸ್ಕೂಲ್ ಶುರುವಾಗಿದ್ದು ಬಿಟ್ಟಿ ಶಾಲೆಯಾಗಿ. ನಡುವೆ ಅರ್ಧ ಸರ್ಕಾರಿ, ಅರ್ಧ ಖಾಸಗಿಯಾಗಿಯೂ ಇತ್ತು.

ಇದನ್ನು 1515ರಲ್ಲಿ ಕಟ್ಟಿದವರು ಹ್ಯೂ ಓಲ್ಡಮ್. ಲ್ಯಾಂಕಶೈರ್ ಸೀಮೆಯವರು, ದೂರದ ಎಕ್ಸೆಟರ್‌ನಲ್ಲಿ ಬಿಷಪ್ ಆಗಿದ್ದರು. ಶಾಲೆಯ ಖರ್ಚಿಗೆ ಅರ್ಕ್ ನದಿಯ ದಂಡೆಯ ಹಿಟ್ಟಿನ ಗಿರಣಿಗಳ ಆದಾಯವನ್ನು ಬಿಟ್ಟುಕೊಟ್ಟರು. ಊರಿನವರು ಕಾಳನ್ನು ಅಲ್ಲೇ ಬೀಸಿಸಬೇಕು, ಬೇರೆಡೆ ಹೋಗುವಂತಿಲ್ಲ. ಅಂದರೆ ಹುಡುಗರಿಗೆ ಪಾಠ ಬಿಟ್ಟಿ, ಬಿಲ್ಲು ಮಾತ್ರ ಊರಿನ ರೊಟ್ಟಿಯ ಮೇಲೆ! 1525ರ ನಿಯಮಗಳಂತೂ ಬಿಗಿ. ಯಾವ ಊರಿನ ಹುಡುಗ ಬಂದರೂ ಸೇರಿಸಿಕೊಳ್ಳಬೇಕು, ಅಂಟುರೋಗ ಇದ್ದರೆ ಮಾತ್ರ ಬೇಡ. ಕೋಳಿ ಅಂಕದ ಹೆಸರಿನಲ್ಲಿ ಮೇಷ್ಟ್ರುಗಳು ಮಕ್ಕಳಿಂದ ಕಾಸು ಎತ್ತುವ ರೂಢಿ ಆಗ ಇತ್ತು. ಅದಕ್ಕೂ ತಡೆ ಹಾಕಿದ್ದರು. ಹುಡುಗಿಯರ ಮಾತು ಯಾರೂ ಎತ್ತಲಿಲ್ಲ.

ಮುಂದಿನ ಮೂರು ಶತಮಾನ ಬೇಗ ಸರಿದವು. ಊರು ಬೆಳೆಯಿತು, ಗಿರಣಿಯ ಕಟ್ಟುಪಾಡು ಜನರಿಗೆ ಸಾಕಾಯಿತು, 18ನೇ ಶತಮಾನದ ನಡುವೆ ಪಾರ್ಲಿಮೆಂಟು ಅದನ್ನು ಸಡಿಲಿಸಿತು. ಶಾಲೆಯ ದುಡ್ಡು ಹೊರಊರಿನ ಸ್ಥಿತಿವಂತ ಹುಡುಗರಿಗೆ ಹೋಗುತ್ತಿದೆ ಎಂಬ ದೂರು 19ನೇ ಶತಮಾನದಲ್ಲಿ ಕೋರ್ಟಿನ ಮೆಟ್ಟಿಲೂ ಹತ್ತಿತು. 1860ರ ದಶಕದಲ್ಲಿ ಬಿಟ್ಟಿ ಹುಡುಗರ ಜೊತೆ ಫೀಸಿನ ಹುಡುಗರೂ ಬಂದು ಕೂತರು. 1931ರಲ್ಲಿ ಶಾಲೆ ಊರಿನ ನಡುವಿನಿಂದ ದಕ್ಷಿಣದ ಬಡಾವಣೆಗೆ ಹೋಯಿತು.

ಇಂದಿನ ಜಗಳದ ಬೇರು ಇರುವುದು ಎರಡನೇ ಮಹಾಯುದ್ಧದ ನಂತರದ ಮೂವತ್ತು ವರ್ಷಗಳಲ್ಲಿ. ಆಗ ಇದು 'ಡೈರೆಕ್ಟ್ ಗ್ರಾಂಟ್' ಶಾಲೆ. ನಮ್ಮ ಅನುದಾನಿತ ಶಾಲೆಗಳ ದೂರದ ನೆಂಟ ಅನ್ನಬಹುದು. ಹಣ ಸ್ಥಳೀಯ ಕೌನ್ಸಿಲ್ಲಿನ ಕೈ ದಾಟದೆ ಲಂಡನ್ನಿನಿಂದ ನೇರ ಬರುತ್ತಿತ್ತು. ಅದಕ್ಕೆ ಪ್ರತಿಯಾಗಿ ಕನಿಷ್ಠ ಶೇ 25 ಸೀಟುಗಳನ್ನು ಸರ್ಕಾರಿ ಪ್ರಾಥಮಿಕ ಶಾಲೆಗಳಿಂದ ಬಂದ ಮಕ್ಕಳಿಗೆ ಬಿಟ್ಟಿಯಾಗಿ ಕೊಡಬೇಕಿತ್ತು. ಉಳಿದವರಿಗೂ ಅಪ್ಪ ಅಮ್ಮನ ಆದಾಯ ನೋಡಿ ಫೀಸು ಇಳಿಯುತ್ತಿತ್ತು.

1945ರಿಂದ 1962ರವರೆಗೆ ಇಲ್ಲಿ ಹೈ ಮಾಸ್ಟರ್, ಅಂದರೆ ಮುಖ್ಯೋಪಾಧ್ಯಾಯ, ಆಗಿದ್ದವರು ಎರಿಕ್ ಜೇಮ್ಸ್. ಬಡವರ ಮನೆಯ ಜಾಣ ಹುಡುಗನಿಗೂ ಒಳ್ಳೆಯ ಮೇಷ್ಟ್ರು ಸಿಗಬೇಕು ಎಂಬ ಧೋರಣೆ ಅವರದು. ಆಕ್ಸ್‌ಫರ್ಡ್, ಕೇಂಬ್ರಿಜ್ ಸ್ಕಾಲರ್‌ಶಿಪ್ಪುಗಳಲ್ಲಿ ಈ ಶಾಲೆ ದೇಶದ ಮುಂಚೂಣಿಗೆ ಬಂತು. ಆದರೆ ಗೇಟಿನಲ್ಲಿ ಒಂದು ಕಠಿಣ ಪರೀಕ್ಷೆ ಇತ್ತು. ಹನ್ನೊಂದರ ವಯಸ್ಸಿಗೆ ಹುಡುಗನ ಜಾತಕ ಬರೆದುಬಿಡುವುದು ಸರಿಯಾ? ಪುಸ್ತಕ ಇರುವ ಮನೆಯ ಮಕ್ಕಳೇ ಜಾಸ್ತಿ ಪಾಸಾಗುತ್ತಾರೆ, ಅಲ್ವಾ? ಇದು ಸುಮ್ನೆ ಎತ್ತಿದ ತಕರಾರಲ್ಲ.

ಈ ಪ್ರಶ್ನೆಗಳಿಗೆ ಉತ್ತರವಾಗಿ 1965ರಲ್ಲಿ ಲೇಬರ್ ಸರ್ಕಾರ ಸುತ್ತೋಲೆ ಹೊರಡಿಸಿತು: ಪರೀಕ್ಷೆ ಬಿಟ್ಟು, ಎಲ್ಲ ಮಕ್ಕಳಿಗೂ ಒಂದೇ ಬಗೆಯ ಕಾಂಪ್ರಹೆನ್ಸಿವ್ ಶಾಲೆ. 1967ರಲ್ಲಿ ಮ್ಯಾಂಚೆಸ್ಟರ್ ನಗರ ಅದನ್ನು ಜಾರಿಗೆ ತಂದಿತು. ಡೈರೆಕ್ಟ್ ಗ್ರಾಂಟ್ ಶಾಲೆಗಳು ಕೌನ್ಸಿಲ್ಲಿನ ಕೈಯಲ್ಲಿ ಇಲ್ಲದ್ದರಿಂದ ಇನ್ನೂ ಕೆಲವು ವರ್ಷ ಉಳಿದವು. 1975ರಲ್ಲಿ ಲೇಬರ್ ಸರ್ಕಾರ ಅವುಗಳ ಮುಂದೆ ಎರಡು ದಾರಿ ಇಟ್ಟಿತು: ಪರೀಕ್ಷೆ ಬಿಟ್ಟು ಸರ್ಕಾರಿ ವ್ಯವಸ್ಥೆಗೆ ಬನ್ನಿ, ಇಲ್ಲವೇ ಅನುದಾನ ಬಿಡಿ. ಸುಮಾರು 170 ಶಾಲೆಗಳಲ್ಲಿ ನೂರಕ್ಕೂ ಹೆಚ್ಚು ಶಾಲೆಗಳು ಅನುದಾನವನ್ನೇ ಬಿಟ್ಟವು. ಸರ್ಕಾರದ ಕಡೆ ಹೋದವುಗಳಲ್ಲಿ ಹೆಚ್ಚಿನವು ಕ್ಯಾಥೊಲಿಕ್ ಶಾಲೆಗಳು. ಮ್ಯಾಂಚೆಸ್ಟರ್ ಗ್ರಾಮರ್ ಖಾಸಗಿಯಾಯಿತು.

ಸಮಾನತೆಗಾಗಿ ಮಾಡಿದ ಕೆಲಸ ಅದು, ಅನುಮಾನವಿಲ್ಲ. ಆದರೆ ಒಂದು ರಾಷ್ಟ್ರೀಯ ಸೌಲಭ್ಯವನ್ನು ಖಾಸಗಿ ಶಾಲೆಗಳ ಸಾಲಿಗೆ ತಾನಾಗಿ ದಾಟಿಸಿಕೊಟ್ಟ ಕೆಲಸವೂ ಅದೇ. ಶಾಲೆಯೂ ಪರೀಕ್ಷೆಯನ್ನು ಬಿಡಲು ಒಪ್ಪಲಿಲ್ಲ ಅನ್ನುವುದನ್ನು ಮರೆಯಬಾರದು.

1980ರಲ್ಲಿ ಥ್ಯಾಚರ್ ಸರ್ಕಾರ 'ಅಸಿಸ್ಟೆಡ್ ಪ್ಲೇಸಸ್' ತಂದು ಖಾಸಗಿ ಶಾಲೆಯ ಕೆಲವು ಮಕ್ಕಳ ಫೀಸು ಕಟ್ಟಿತು. 1997ರಲ್ಲಿ ಬ್ಲೇರ್ ಸರ್ಕಾರ ಅದನ್ನು ನಿಲ್ಲಿಸಿತು. ಅಲ್ಲಿಂದ ಶಾಲೆ ಹಳೆಯ ವಿದ್ಯಾರ್ಥಿಗಳಿಂದ ಚಂದಾ ಎತ್ತಿ, ಕಡಿಮೆ ಆದಾಯದ ಮನೆಯ ಹುಡುಗರಿಗೆ ಬರ್ಸರಿ, ಅಂದರೆ ಫೀಸಿನ ನೆರವು, ಕೊಡುತ್ತಿದೆ.

ಈಗ ವ್ಯಾಟ್. ಆ ಹಣದಿಂದ ಸರ್ಕಾರಿ ಶಾಲೆಗಳಿಗೆ 6,500 ಹೊಸ ಶಿಕ್ಷಕರು ಅನ್ನುವುದು ಸರ್ಕಾರದ ಮಾತು. ಅಲ್ಲಿನ ಮಕ್ಕಳೇ ಬಹುಪಾಲು, ಹಾಗಾಗಿ ತಳ್ಳಿಹಾಕುವ ಮಾತಲ್ಲ. ತೆರಿಗೆ ಜೋರಾಗಿ ತಟ್ಟುವುದು ಮಾತ್ರ ಬರ್ಸರಿ ಸಿಗುವಷ್ಟು ಬಡವರಲ್ಲದ, ಬಿಲ್ಲು ಸಲೀಸಾಗಿ ಕಟ್ಟುವಷ್ಟು ಸ್ಥಿತಿವಂತರೂ ಅಲ್ಲದ ಮನೆಗಳಿಗೆ. ಆದಾಯ ನೋಡಿ ಫೀಸು ಇಳಿಸುತ್ತಿದ್ದ ಆ ಹಳೆಯ ಅನುದಾನ ನೆರವಾಗುತ್ತಿದ್ದದ್ದು ಇಂಥ ಮನೆಗಳಿಗೇ.