ಗುಂಪಲ್ಲಿ ಗೋವಿಂದ: ಇಂಗ್ಲೆಂಡಿನ ಫುಟ್‌ಬಾಲ್ ಗ್ಯಾಲರಿ ಮತ್ತು ಗೇ ಆಟಗಾರರ ಕಥೆ

2012ರಲ್ಲಿ ಎಲಿಸ್ ಕ್ಯಾಶ್‌ಮೋರ್, ಜೇಮಿ ಕ್ಲೀಲ್ಯಾಂಡ್ ಅನ್ನೋ ಇಬ್ರು ಸಮಾಜಶಾಸ್ತ್ರದ ಮೇಷ್ಟ್ರುಗಳು ಬ್ರಿಟನ್ನಿನಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ರು. ಸುಮಾರು 3,500 ಜನರನ್ನ, ಹೆಚ್ಚಿನವರು ಫುಟ್‌ಬಾಲ್ ಫ್ಯಾನ್ಸೇ, ಕೇಳಿದ್ದು ಇಷ್ಟೇ: ಆಟದಲ್ಲಿ ಗೇ ದ್ವೇಷಕ್ಕೆ ಜಾಗ ಇದೆಯಾ? ಶೇ. 93ರಷ್ಟು ಜನ ಇಲ್ಲ ಅಂದ್ರು. ಆಟಗಾರ ಮನೇಲಿ ಯಾರ ಜೊತೆ ಇರ್ತಾನೆ ಅಂತ ಕಟ್ಕೊಂಡು ನಮಗೇನು, ಚೆನ್ನಾಗಿ ಆಡಿದ್ರೆ ಸಾಕು, ಇದು ಅವರ ಮಾತು. ಸರಿ, ಒಳ್ಳೇದೇ. ಆದ್ರೆ ಅದೇ ವರ್ಷಗಳಲ್ಲಿ ಬ್ರೈಟನ್ ಟೀಮಿನ ಮ್ಯಾಚಿಗೆ ಹೋದ್ರೆ ಎದುರಾಳಿ ಸ್ಟ್ಯಾಂಡಿಂದ ಸಾವಿರಾರು ಜನ ಒಂದೇ ದನೀಲಿ ‘ನೀನಿಲ್ಲಿ ಬಂದಿರೋದು ನಿನ್ ಬಾಯ್‌ಫ್ರೆಂಡ್‌ಗೆ ಗೊತ್ತಾ’ ಅಂತ ಹಾಡ್ತಿದ್ರು. ಈ 93 ಪರ್ಸೆಂಟ್ ಜನ ಆಗ ಎಲ್ಲಿದ್ರು? ಬಹುಶಃ ಅಲ್ಲೇ ಇದ್ರು, ಅವರೂ ಹಾಡ್ತಿದ್ರು. ನಮ್ಮಲ್ಲಿ ಗುಂಪಲ್ಲಿ ಗೋವಿಂದ ಅಂತಾರಲ್ಲ, ಅದೇ.

ಈ ಗೋಜಲು ಬಿಡಿಸಬೇಕಾದ್ರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಇಂಗ್ಲೆಂಡಲ್ಲಿ 1967ರವರೆಗೂ ಇಬ್ರು ಗಂಡಸರ ಸಂಬಂಧ ಅಂದ್ರೆ ಜೈಲು, ಆಮೇಲೆ ಕಾನೂನು ಸ್ವಲ್ಪ ಸಡಿಲ ಆಯ್ತು, 80ರ ದಶಕದಲ್ಲಿ ಏಡ್ಸ್ ಭಯ ಬಂದು ಮತ್ತೆ ಗಾಳಿ ತಿರುಗಿತು, 1987ರ ದೊಡ್ಡ ಸಮೀಕ್ಷೆಯಲ್ಲಿ ಶೇ. 64 ಜನ ಇದು ‘ಯಾವಾಗ್ಲೂ ತಪ್ಪೇ’ ಅಂದ್ರು, ಮರುವರ್ಷವೇ ಸ್ಕೂಲುಗಳಲ್ಲಿ ಇದನ್ನ ‘ಪ್ರೋತ್ಸಾಹಿಸಬಾರದು’ ಅನ್ನೋ ಸೆಕ್ಷನ್ 28 ಬಂತು, ಅದು ಹೋಗಿದ್ದು 2003ರಲ್ಲಿ. ಇವತ್ತು ಗ್ಯಾಲರೀಲಿ ಕೂತಿರೋ ನಲವತ್ತು ಐವತ್ತರ ಅಂಕಲ್‌ಗಳು ಸ್ಕೂಲು ಓದಿದ್ದು ಆ ಗಾಳೀಲೇ, ಇದನ್ನ ಮರೀಬಾರದು.

ಆ ಗಾಳೀಲೇ ಜಸ್ಟಿನ್ ಫಶಾನು ಅನ್ನೋ ಆಟಗಾರ ಬಂದ. 1980ರ ಫೆಬ್ರವರೀಲಿ ನಾರ್ವಿಚ್ ಪರ ಲಿವರ್‌ಪೂಲ್ ಮೇಲೆ ಹೊಡೆದ ಗೋಲು, ಗೋಲ್‌ಗೆ ಬೆನ್ನು ಹಾಕಿ ನಿಂತು ಚೆಂಡನ್ನ ಮೇಲಕ್ಕೆ ಚಿಮ್ಮಿಸಿ ಗಿರಕ್ಕನೆ ತಿರುಗಿ ಎಡಗಾಲಲ್ಲಿ ಬಾರಿಸಿದ್ದು, ಆ ಸೀಸನ್ನಿನ ಬೆಸ್ಟ್ ಗೋಲ್ ಅಂತ ಬಿಬಿಸಿ ಆರಿಸಿತು. ಮರುವರ್ಷ ನಾಟಿಂಗ್‌ಹ್ಯಾಮ್ ಫಾರೆಸ್ಟ್ 10 ಲಕ್ಷ ಪೌಂಡ್ ಕೊಟ್ಟು ತಗೊಂಡ್ರು, ಬ್ರಿಟನ್ನಿನಲ್ಲಿ ಅಷ್ಟು ಬೆಲೆ ಬಂದ ಮೊದಲ ಕಪ್ಪು ಆಟಗಾರ ಅವನೇ. ಅಲ್ಲಿ ಮ್ಯಾನೇಜರ್ ಬ್ರಯಾನ್ ಕ್ಲಫ್‌ಗೆ ಇವನು ಗೇ ಕ್ಲಬ್ಬುಗಳಿಗೆ ಹೋಗ್ತಾನೆ ಅಂತ ಸುದ್ದಿ ಹೋಯ್ತು, ಬೈಗುಳ, ಸಸ್ಪೆಂಡು, ಕೊನೆಗೆ ಟ್ರೇನಿಂಗ್ ಗ್ರೌಂಡಿಂದ ಹೊರಗೆ ಹಾಕೋಕೆ ಪೊಲೀಸರನ್ನ ಕರೆಸಿದ್ದೂ ಆಯ್ತು. ಗಮನಿಸಿ, ಇದ್ಯಾವುದೂ ಗ್ಯಾಲರೀಲಿ ನಡೆದಿದ್ದಲ್ಲ. 1990ರ ಅಕ್ಟೋಬರಲ್ಲಿ ಒಂದು ಟ್ಯಾಬ್ಲಾಯ್ಡ್ ಮುಖಪುಟದಲ್ಲಿ ಅವನೇ ತಾನು ಗೇ ಅಂತ ಹೇಳ್ಕೊಂಡ. ಸ್ವಂತ ತಮ್ಮ, ಅವನೂ ಫುಟ್‌ಬಾಲ್ ಆಟಗಾರನೇ, ಇನ್ನೊಂದು ಪೇಪರಲ್ಲಿ ಅಣ್ಣನನ್ನ ದೂರ ತಳ್ಳಿದ, ಎಷ್ಟೋ ವರ್ಷದ ಮೇಲೆ ಅದಕ್ಕೆ ನೊಂದುಕೊಂಡ ಕೂಡ. ಸುದ್ದಿ ಬಂದ ಮೇಲೆ ಫಿಟ್ ಇದ್ರೂ ಯಾವ ಕ್ಲಬ್ಬೂ ಫುಲ್‌ಟೈಮ್ ಕಾಂಟ್ರಾಕ್ಟ್ ಕೊಡಲಿಲ್ಲ ಅಂತ ಜಸ್ಟಿನ್ ಆಗ ಹೇಳಿದ್ದ. ಆಮೇಲೆ ಟಾರ್ಕಿ, ಸ್ಕಾಟ್ಲೆಂಡ್ ಅಂತ ಅಲೆದು ಅಮೆರಿಕಕ್ಕೆ ಹೋದ, ಅಲ್ಲಿ ಒಬ್ಬ ಹುಡುಗನ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದ ಅನ್ನೋ ಆರೋಪ ಬಂತು, ಆರೋಪ ಸುಳ್ಳು, ಆದ್ರೆ ನನಗೆ ನ್ಯಾಯ ಸಿಗಲ್ಲ ಅಂತ ಚೀಟಿ ಬರೆದಿಟ್ಟು 1998ರ ಮೇನಲ್ಲಿ ಲಂಡನ್ನಿನಲ್ಲಿ ಜೀವ ಕಳ್ಕೊಂಡ. 37 ವರ್ಷ. ಅವನು 1990ರಲ್ಲಿ ಹೇಳ್ಕೊಂಡ ಮೇಲೆ ಬ್ರಿಟನ್ನಿನಲ್ಲಿ ಆಡ್ತಾ ಇರುವಾಗಲೇ ಬಾಯಿಬಿಟ್ಟು ಹೇಳೋ ಇನ್ನೊಬ್ಬ ಪ್ರೊಫೆಷನಲ್ ಗಂಡು ಆಟಗಾರ ಸಿಗೋಕೆ 32 ವರ್ಷ ಬೇಕಾಯ್ತು.

ಮಧ್ಯದಲ್ಲಿ ನಡೆದಿದ್ದು ಇನ್ನೂ ವಿಚಿತ್ರ. ಗೇ ಆಟಗಾರ ಅಂತ ಯಾರೂ ಕಣ್ಣೆದುರಿಗೆ ಇಲ್ಲ, ಆದ್ರೆ ಹಾಡು ಮಾತ್ರ ನಿಲ್ಲಲಿಲ್ಲ. ಗ್ರೇಮ್ ಲೆ ಸೋ ಅಂತ ಚೆಲ್ಸೀ ಡಿಫೆಂಡರ್, ಮದುವೆಯಾಗಿ ಮಕ್ಕಳಿರೋ ಮನುಷ್ಯ. ಅವನ ತಪ್ಪೇನಪ್ಪಾ ಅಂದ್ರೆ ಟೀಮ್ ಬಸ್ಸಲ್ಲಿ ಬೇರೆಯವರು ಟ್ಯಾಬ್ಲಾಯ್ಡ್ ತಿರುವ್ತಾ ಇದ್ರೆ ಇವನು ಗಾರ್ಡಿಯನ್ ಅನ್ನೋ ಗಂಭೀರ ಪೇಪರ್ ಓದ್ತಿದ್ದ, ಮ್ಯೂಸಿಯಂಗೆ ಹೋಗ್ತಿದ್ದ, 1991ರ ಬೇಸಿಗೇಲಿ ಜೊತೆ ಆಟಗಾರನ ಜೊತೆ ಯುರೋಪ್ ಸುತ್ತಿ ಟೆಂಟ್ ಹಾಕ್ಕೊಂಡು ಬಂದ. ಡ್ರೆಸ್ಸಿಂಗ್ ರೂಮಲ್ಲಿ ಯಾರೋ ಜೋಕ್ ಮಾಡಿದ್ರು, ಜೋಕು ಗ್ಯಾಲರಿಗೆ ಸೋರಿತು, ಅಲ್ಲಿಂದ ರಿಟೈರ್ ಆಗೋ ತನಕ ಬೆನ್ನು ಬಿಡಲಿಲ್ಲ. 1999ರ ಫೆಬ್ರವರೀಲಿ ಲಿವರ್‌ಪೂಲಿನ ರಾಬಿ ಫೌಲರ್ ಮೈದಾನದ ಮಧ್ಯೆ ಅವನ ಮುಂದೆ ಬಗ್ಗಿ ನಿಂತು ಹಿಂಭಾಗ ತೋರಿಸಿದ, ಲೆ ಸೋ ಫ್ರೀ ಕಿಕ್ ಹೊಡೆಯಲ್ಲ ಅಂತ ನಿಂತ, ರೆಫ್ರಿ ಹಳದಿ ಕಾರ್ಡ್ ತೋರಿಸಿದ್ದು ಲೆ ಸೋಗೆ, ಟೈಮ್ ವೇಸ್ಟ್ ಮಾಡ್ತಿದ್ದೀಯ ಅಂತ! ಆಮೇಲೆ ಅವನು ಫೌಲರ್‌ಗೆ ಹಿಂದಿನಿಂದ ಹೊಡೆದ, ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ಎಫ್‌ಎ ಇಬ್ಬರಿಗೂ ಶಿಕ್ಷೆ ಕೊಡ್ತು. ಅವತ್ತು ಸ್ಟ್ಯಾಂಡಲ್ಲಿದ್ದ ಹುಡುಗ ಏನು ಕಲಿತಿರ್ತಾನೆ? ಟೆಂಟು, ಪೇಪರು, ಇಷ್ಟು ಸಾಕು ಒಬ್ಬನನ್ನ ಹಾಡಿನ ವಸ್ತು ಮಾಡೋಕೆ. ಈ ಹಾಡುಗಳಿಗೆ ಗೇ ಆಟಗಾರ ಬೇಕಾಗೇ ಇಲ್ಲ. ‘ನೀನು ಗಂಡಸಲ್ಲ’ ಅನ್ನೋಕೆ ಒಂದು ಮುಖ ಬೇಕು, ಅಷ್ಟೇ. ನಿಜವಾಗ್ಲೂ ಗೇ ಆಗಿರೋ ಆಟಗಾರ ಇದನ್ನೆಲ್ಲ ಅದೇ ಮೈದಾನದ ಇನ್ನೊಂದು ಮೂಲೇಲಿ ನಿಂತು ಕೇಳಿಸ್ಕೊಳ್ತಿದ್ದ ಅನ್ನೋದು ಯಾರ ತಲೆಗೂ ಹೋದ ಹಾಗಿಲ್ಲ.

ಕಾನೂನು ಏನು ಮಾಡ್ತಿತ್ತು ಅಂತ ಕೇಳ್ತೀರಾ? 1991ರಲ್ಲಿ ಫುಟ್‌ಬಾಲ್ ಅಪರಾಧಗಳ ಕಾಯ್ದೆ ಬಂತು, ಅದರಲ್ಲಿ ಗುಂಪಾಗಿ ‘ಅಸಭ್ಯ ಅಥವಾ ಜನಾಂಗೀಯ’ ಘೋಷಣೆ ಕೂಗಿದ್ರೆ ಅಪರಾಧ ಅಂತ ಬರೆದ್ರು. ಜನಾಂಗೀಯ ಅನ್ನೋದಕ್ಕೆ ಹೆಸರಿಟ್ರು, ಗೇ ದ್ವೇಷಕ್ಕೆ ಇಡಲಿಲ್ಲ, ‘ಅಸಭ್ಯ’ ಅನ್ನೋ ಗೋಣೀಚೀಲದಲ್ಲಿ ತುಂಬಿದ್ರು. 2008ರ ಸೆಪ್ಟೆಂಬರಲ್ಲಿ ಪೋರ್ಟ್ಸ್‌ಮತ್‌ನಲ್ಲಿ ಕಪ್ಪು ಆಟಗಾರ ಸೋಲ್ ಕ್ಯಾಂಪ್‌ಬೆಲ್ ಮೇಲೆ ಅವನ ಹಳೇ ಟೀಮ್ ಟಾಟನ್‌ಹ್ಯಾಮ್ ಫ್ಯಾನ್ಸ್ ಹಾಡಿದ್ದು ಎಷ್ಟು ಹೊಲಸಾಗಿತ್ತು ಅಂದ್ರೆ ಇಲ್ಲಿ ಬರೆಯೋಕಾಗಲ್ಲ, ಅದರಲ್ಲಿ ಬಣ್ಣದ ವಿಷಯ, ಗೇ ವಿಷಯ ಎರಡೂ ಕಲಸಿಹೋಗಿತ್ತು. ಕ್ಯಾಂಪ್‌ಬೆಲ್ ಕೂಡ ಗೇ ಅಲ್ಲ. ಮರುವರ್ಷ ಕೋರ್ಟಲ್ಲಿ ತಪ್ಪಿತಸ್ಥರು ಅಂತ ಆದವರಲ್ಲಿ ಒಬ್ಬ 14 ವರ್ಷದ ಹುಡುಗ. ಹದಿನಾಲ್ಕು! ಆ ಸಾಲುಗಳನ್ನ ಅವನೇ ಕೂತು ಕಟ್ಟಿರಲ್ಲ.

ಈಗ ಬ್ರೈಟನ್‌ಗೆ ಬರೋಣ, ನನಗೆ ಈ ಕಥೇಲಿ ಅತೀ ಇಷ್ಟವಾದ ಭಾಗ ಇದು. ಇಂಗ್ಲೆಂಡಿನ ದಕ್ಷಿಣ ತೀರದ ಊರು, ಗೇ ಜನ ದೊಡ್ಡ ಸಂಖ್ಯೇಲಿ ನೆಮ್ಮದಿಯಾಗಿ ಬದುಕೋ ಊರು ಅಂತ ದೇಶಕ್ಕೆಲ್ಲ ಗೊತ್ತು. ಅಷ್ಟೇ ಸಾಕಾಯ್ತು, ಎದುರಾಳಿ ಫ್ಯಾನ್ಸ್ ಇಡೀ ಊರನ್ನೇ ಗೇ ಅಂತ ತೀರ್ಮಾನಿಸಿಬಿಟ್ರು. ಕೈ ಕೈ ಹಿಡ್ಕೊಂಡಿರೋದು ಕಾಣ್ತಿದೆ ಅಂತ ಒಂದು ಹಾಡು, ಮೊದಲೇ ಹೇಳಿದ ಬಾಯ್‌ಫ್ರೆಂಡ್ ಹಾಡು, ಇನ್ನು ಹೇಳೋಕಾಗದ ಹಾಡುಗಳು. ಬ್ರೈಟನ್ ಫ್ಯಾನ್ಸ್ ಮೊದಮೊದಲು ಏಟಿಗೆ ಎದುರೇಟು ಅನ್ನೋ ಹಾಗೆ ಉತ್ತರ ಕೊಟ್ರು. ‘ಗೇ ಆಗೋಕೂ ನಿಮ್ ಮುಖಕ್ಕೆ ಯೋಗ್ಯತೆ ಇಲ್ಲ’ ಅಂತ ತಿರುಗಿ ಹಾಡ್ತಿದ್ರು, ಗೆಲ್ತಾ ಇದ್ರೆ ಎದುರಾಳಿ ಬೈಯೋಕೆ ಬಳಸೋ ಪದವನ್ನೇ ತಮ್ಮ ಹೆಸರು ಮಾಡ್ಕೊಂಡು ‘ನಮಗೆ ಒಂದು, ನಿಮಗೆ ಸೊನ್ನೆ’ ಅಂತ ಕುಣೀತಿದ್ರು. ಕೇಳೋಕೆ ಮಜಾ ಇದೆ, ನಾನೂ ವಿಡಿಯೋ ನೋಡಿ ನಕ್ಕಿದ್ದೀನಿ. ಆದ್ರೆ ವಾರಾವಾರ, ಊರೂರಲ್ಲಿ, ಮಗನನ್ನೋ ಮಗಳನ್ನೋ ಕೈ ಹಿಡ್ಕೊಂಡು ಹೋದವರಿಗೆ, ನಿಜವಾಗ್ಲೂ ತನ್ನ ಬಾಯ್‌ಫ್ರೆಂಡ್ ಜೊತೇನೇ ಬಂದು ಕೂತಿರೋ ಫ್ಯಾನ್‌ಗೆ ಅದು ಎಷ್ಟು ದಿನ ಮಜಾ ಇರುತ್ತೆ? ಸ್ಟ್ಯಾಂಡ್ ಕಾಯೋ ಸ್ಟುವರ್ಡ್‌ಗಳಿಗೆ ಹೇಳಿದ್ರೆ ತಮಾಷೆ ಬಿಡಿ ಸಾರ್ ಅನ್ನೋ ಥರದ ಉತ್ತರ. ಅದಕ್ಕೆ ಅವರು ಏನು ಮಾಡಿದ್ರು ಗೊತ್ತಾ, ಕೂತು ಲೆಕ್ಕ ಬರೆದ್ರು. ಬ್ರೈಟನ್ ಸಪೋರ್ಟರ್ಸ್ ಕ್ಲಬ್ಬೂ, 1989ರಿಂದ ಇರೋ ಗೇ ಫುಟ್‌ಬಾಲ್ ಸಪೋರ್ಟರ್ಸ್ ನೆಟ್‌ವರ್ಕೂ ಸೇರಿ ಒಂದು ಸೀಸನ್ನಿನಲ್ಲಿ ಯಾವ ಮ್ಯಾಚು, ಯಾವ ಟೀಮಿನ ಫ್ಯಾನ್ಸು, ಏನು ಹಾಡಿದ್ರು ಅಂತ ಫೈಲ್ ಮಾಡಿ 2013ರಲ್ಲಿ ಎಫ್‌ಎಗೆ ಕೊಟ್ರು. ಎದುರಾದ ಟೀಮುಗಳಲ್ಲಿ ಶೇ. 70ಕ್ಕೂ ಹೆಚ್ಚು ಟೀಮುಗಳ ಫ್ಯಾನ್ಸ್ ಇಂಥ ಹಾಡು ಹಾಡಿದ್ರು. ಅಲ್ಲೀತನಕ ‘ಯಾರೋ ನಾಲ್ಕು ಜನ ಕುಡಿದವರು’ ಅನ್ನೋ ಮಾತು ನಡೀತಿತ್ತು, ಫೈಲ್ ಬಂದ ಮೇಲೆ ಅದು ನಡೀಲಿಲ್ಲ.

ಅದೇ 2013ರಲ್ಲಿ ಗೇ ಹಕ್ಕುಗಳಿಗೆ ಹೋರಾಡೋ ಸ್ಟೋನ್‌ವಾಲ್ ಸಂಸ್ಥೆ ರೇನ್‌ಬೋ (ಕಾಮನಬಿಲ್ಲು ಗೇ ಜನರ ಗುರುತು) ಶೂ ಲೇಸ್ ಕ್ಯಾಂಪೇನ್ ಶುರು ಮಾಡಿ ಬ್ರಿಟನ್ನಿನ 134 ಪ್ರೊಫೆಷನಲ್ ಕ್ಲಬ್ಬುಗಳಿಗೂ ಲೇಸ್ ಪಾರ್ಸಲ್ ಕಳಿಸ್ತು, ಇದರಲ್ಲಿ ಕೈಜೋಡಿಸಿದ್ದು ಒಂದು ಬೆಟ್ಟಿಂಗ್ ಕಂಪನಿ. ಅವರ ಸ್ಲೋಗನ್ನೇ ದ್ವಂದ್ವಾರ್ಥದ್ದು, ಹಾಡೋರಿಗೂ ಇವರಿಗೂ ಏನ್ ವ್ಯತ್ಯಾಸ ಅಂತ ಬೈಸ್ಕೊಂಡ್ರು. ಅದಕ್ಕೆ ಮುಂಚೆ 2010ರಲ್ಲಿ ಎಫ್‌ಎ ಗೇ ದ್ವೇಷದ ವಿರುದ್ಧ ಒಂದು ವಿಡಿಯೋ ಬಿಡೋಕೆ ಹೊರಟು ಕೊನೇ ಗಳಿಗೇಲಿ ಕಾರ್ಯಕ್ರಮ ಮುಂದಕ್ಕೆ ಹಾಕಿತ್ತು, ಅದರಲ್ಲಿ ಮುಖ ತೋರಿಸೋಕೆ ಒಬ್ಬ ದೊಡ್ಡ ಆಟಗಾರನೂ ಸಿಕ್ಕಿರಲಿಲ್ಲ. 2013ರಿಂದಾಚೆ ಗ್ಯಾಲರೀನೇ ಕೆಲಸ ಶುರು ಮಾಡಿತು: ಆರ್ಸೆನಲ್‌ನಲ್ಲಿ ಗೇ ಗೂನರ್ಸ್, ನಾರ್ವಿಚ್‌ನಲ್ಲಿ ಪ್ರೌಡ್ ಕನೇರೀಸ್, ಟಾಟನ್‌ಹ್ಯಾಮಲ್ಲಿ ಪ್ರೌಡ್ ಲಿಲಿವೈಟ್ಸ್, ಲಿವರ್‌ಪೂಲಲ್ಲಿ ಕಾಪ್ ಔಟ್ಸ್ ಅಂತ ಒಂದೊಂದೇ ಗೇ ಫ್ಯಾನ್ಸ್ ಗುಂಪು ಬ್ಯಾನರ್ ಹಿಡಿದು ಕೂತವು. ಫ್ಯಾನ್ಸ್ ಅಂದ್ರೆ ಬರೀ ಬೈಯೋರು ಅನ್ನೋ ಮಾತಿಗೆ ಇವರನ್ನ ಎಲ್ಲಿ ಸೇರಿಸೋದು?

ಇನ್ನು ಚೆಲ್ಸೀ ಮೇಲಿನ ‘ರೆಂಟ್ ಬಾಯ್’ ಹಾಡು. ‘ರೆಂಟ್ ಬಾಯ್’ ಅಂದ್ರೆ ಹಣಕ್ಕೆ ಮೈ ಮಾರೋ ಹುಡುಗ. 80ರ ದಶಕದಿಂದ ಚೆಲ್ಸೀ ಫ್ಯಾನ್ಸ್ ಮೇಲೆ, ಆಟಗಾರರ ಮೇಲೆ, ಚೆಲ್ಸೀ ಬಿಟ್ಟು ಹೋದವರ ಮೇಲೂ ಇದೇ ಹಾಡು. ಒಂದು ವಿಷಯ ಒಪ್ಕೋಬೇಕು, ಬೆಂಗಳೂರಲ್ಲಿ ಶನಿವಾರ ರಾತ್ರಿ ಪಬ್ಬಲ್ಲಿ ದೊಡ್ಡ ಸ್ಕ್ರೀನ್ ಮುಂದೆ ನಾನೂ ಇದನ್ನ ಹಾಡಿದ್ದೀನಿ, ಜೊತೆಗಿದ್ದ ಅರ್ಧ ಜನಕ್ಕೆ ಅರ್ಥಾನೇ ಗೊತ್ತಿರಲಿಲ್ಲ, ಬಾಡಿಗೆ ಮನೆ ವಿಷಯ ಅಂತ ಒಬ್ಬ ಅನ್ಕೊಂಡಿದ್ದ. ಇಲ್ಲಿಯವರಿಗೆ ಗೊತ್ತಿಲ್ಲ ಸರಿ, ಅಲ್ಲಿಯವರು ‘ಇದು ಗೇ ಬಗ್ಗೆ ಅಲ್ಲ, ಚೆಲ್ಸೀ ಬಗ್ಗೆ’ ಅಂತ ಮೂವತ್ತು ವರ್ಷ ವಾದ ಮಾಡಿದ್ರು. 2021ರ ಆಗಸ್ಟಲ್ಲಿ ಚೆಲ್ಸೀಯಿಂದ ನಾರ್ವಿಚ್‌ಗೆ ಲೋನ್ ಮೇಲೆ, ಅಂದ್ರೆ ಎರವಲಾಗಿ, ಹೋಗಿದ್ದ ಬಿಲ್ಲಿ ಗಿಲ್ಮರ್ ಮೇಲೆ ಲಿವರ್‌ಪೂಲ್ ಫ್ಯಾನ್ಸ್ ಹಾಡಿದಾಗ ಅವರದ್ದೇ ಮ್ಯಾನೇಜರ್ ಯುರ್ಗನ್ ಕ್ಲಾಪ್ ಕಾಪ್ ಔಟ್ಸ್ ಗುಂಪಿನ ಜೊತೆ ಕೂತು ಮಾತಾಡಿ, ಬಿಡ್ರಪ್ಪಾ, ನಮ್ಮ ಹತ್ರ ಇದಕ್ಕಿಂತ ಒಳ್ಳೇ ಹಾಡುಗಳಿವೆ ಅನ್ನೋ ಅರ್ಥದಲ್ಲಿ ಹೇಳಿದ. ದಂಡಕ್ಕಿಂತ ಈ ಒಂದು ಮಾತು ಹೆಚ್ಚು ಕೆಲಸ ಮಾಡ್ತು ಅನ್ನೋದು ನನ್ನ ಅನಿಸಿಕೆ. 2022ರ ಜನವರೀಲಿ ಪ್ರಾಸಿಕ್ಯೂಷನ್ ಇಲಾಖೆ ಇದು ಗೇ ದ್ವೇಷದ ಬೈಗುಳವೇ, ಕೇಸ್ ಹಾಕ್ತೀವಿ ಅಂತು, ಮರುವರ್ಷ ಎಫ್‌ಎ ಕ್ಲಬ್ಬುಗಳ ಮೇಲೇ ಕ್ರಮ ತಗೋತೀವಿ ಅಂತು, ವುಲ್ವ್ಸ್‌ಗೆ 1 ಲಕ್ಷ ಪೌಂಡ್ ದಂಡ ಬಿತ್ತು, ನಾಟಿಂಗ್‌ಹ್ಯಾಮ್ ಫಾರೆಸ್ಟ್‌ಗೆ 75,000. ಹೌದು, ಫಶಾನು ಆಡಿದ ಅದೇ ಫಾರೆಸ್ಟ್.

ಈ ನಡುವೆ ಆಟಗಾರರು ಒಬ್ಬೊಬ್ರೇ ಮಾತಾಡಿದ್ರು, ಮೊದಲು ಆಟ ಬಿಡೋ ಬಾಗಿಲ ಹತ್ರ ನಿಂತು. ಲೀಡ್ಸ್ ಕ್ಲಬ್ ಬಿಟ್ಟ ರಾಬಿ ರಾಜರ್ಸ್ 2013ರಲ್ಲಿ ‘ನಾನು ಗೇ’ ಅಂತ ಬರೆದು ಅದೇ ಉಸಿರಲ್ಲಿ ಆಟಕ್ಕೆ ಗುಡ್‌ಬೈ ಹೇಳಿದ, ವಯಸ್ಸು 25, ಆಮೇಲೆ ಅಮೆರಿಕದಲ್ಲಿ ಮತ್ತೆ ಆಡಿದ ಬಿಡಿ. ಜರ್ಮನಿಯ ಥಾಮಸ್ ಹಿಟ್ಸಲ್‌ಸ್ಪರ್ಗರ್ ರಿಟೈರ್ ಆದ ಮೇಲೆ 2014ರಲ್ಲಿ ಹೇಳಿದ. ಆಸ್ಟ್ರೇಲಿಯಾದ ಜಾಶ್ ಕವಾಲೋ 2021ರಲ್ಲಿ ಆಡ್ತಿರುವಾಗಲೇ ಹೇಳಿದ, ಪ್ರಪಂಚವೆಲ್ಲ ಚಪ್ಪಾಳೆ ತಟ್ಟಿತು, ಎರಡೂವರೆ ತಿಂಗಳಲ್ಲಿ ಮೆಲ್ಬರ್ನಲ್ಲಿ ಅದೇ ಹಳೇ ಬೈಗುಳ. ಬ್ಲ್ಯಾಕ್‌ಪೂಲಿನ ಜೇಕ್ ಡೇನಿಯಲ್ಸ್ 2022ರ ಮೇ 16ಕ್ಕೆ ಹೇಳಿದಾಗ ಅವನಿಗೆ 17 ವರ್ಷ. ಅಮ್ಮ ಅಕ್ಕಂಗೆ ಹೇಳಿದ ಮಾರನೇ ದಿನ ಯೂತ್ ಮ್ಯಾಚಲ್ಲಿ ನಾಲ್ಕು ಗೋಲ್ ಹೊಡೆದೆ ಅಂದ ಅವನು. ಎದೆ ಮೇಲಿಂದ ಕಲ್ಲು ಇಳಿದ್ರೆ ಕಾಲು ಹಾಗೆ ಓಡುತ್ತೋ ಏನೋ. ಇಂಗ್ಲೆಂಡಿನ ಟಾಪ್ ಲೀಗ್ ಆದ ಪ್ರೀಮಿಯರ್ ಲೀಗಲ್ಲಿ ಮಾತ್ರ ಆಡ್ತಿರೋ ಒಬ್ಬನೂ ಬಾಯಿಬಿಟ್ಟಿಲ್ಲ. ಹೆಣ್ಣುಮಕ್ಕಳ ಆಟದ ಕಥೇನೇ ಬೇರೆ, ಇಂಗ್ಲೆಂಡ್ ಕ್ಯಾಪ್ಟನ್ ಕೇಸಿ ಸ್ಟೋನಿ 2014ರಲ್ಲೇ ಹೇಳ್ಕೊಂಡ್ರು, 2023ರ ವಿಶ್ವಕಪ್ಪಲ್ಲಿ 90ಕ್ಕೂ ಹೆಚ್ಚು ಆಟಗಾರ್ತಿಯರು ಬಹಿರಂಗವಾಗಿ ಹೇಳ್ಕೊಂಡೇ ಆಡಿದ್ರು, ಗ್ಯಾಲರೀಲಿ ಕುಟುಂಬಗಳು ತುಂಬಿದ್ವು, ಆಕಾಶ ಏನೂ ಕಳಚಿ ಬೀಳಲಿಲ್ಲ.

ಈಗ ಜಗಳ ಗ್ಯಾಲರಿಯಿಂದ ಕ್ಯಾಪ್ಟನ್ ತೋಳಿಗೆ ಹಾಕೋ ಆರ್ಮ್‌ಬ್ಯಾಂಡಿಗೆ ಬಂದು ನಿಂತಿದೆ. 2022ರ ಕತಾರ್ ವಿಶ್ವಕಪ್ಪಲ್ಲಿ ಇಂಗ್ಲೆಂಡ್ ಸೇರಿ ಏಳು ಯುರೋಪಿಯನ್ ಟೀಮುಗಳು ತಾರತಮ್ಯದ ವಿರುದ್ಧದ ‘ಒನ್ ಲವ್’ ಬ್ಯಾಂಡ್ ಹಾಕ್ತೀವಿ ಅಂತ ಹೊರಟು, ಹಳದಿ ಕಾರ್ಡ್ ತೋರಿಸ್ತೀವಿ ಅಂತ ಫಿಫಾ ಹೇಳಿದ ಕೂಡಲೇ ಹಿಂದೆ ಸರಿದ್ವು. 2024ರ ಡಿಸೆಂಬರ್ ಹೊತ್ತಿಗೆ ಇಪ್ಸ್‌ವಿಚ್ ಕ್ಯಾಪ್ಟನ್ ಸ್ಯಾಮ್ ಮೊರ್ಸಿ ಧರ್ಮದ ಕಾರಣಕ್ಕೆ ರೇನ್‌ಬೋ ಬ್ಯಾಂಡ್ ಹಾಕಲಿಲ್ಲ, ಕ್ರಿಸ್ಟಲ್ ಪ್ಯಾಲೇಸಿನ ಮಾರ್ಕ್ ಗೇಹಿ ಹಾಕ್ಕೊಂಡು ಅದರ ಮೇಲೆ ‘ಐ ಲವ್ ಜೀಸಸ್’ ಅಂತ ಬರೆದ. 2025ರಲ್ಲಿ ಪ್ರೀಮಿಯರ್ ಲೀಗ್ ಸ್ಟೋನ್‌ವಾಲ್ ಜೊತೆಗಿನ ಒಪ್ಪಂದ ಮುಗಿಸಿ ತನ್ನದೇ ಕ್ಯಾಂಪೇನ್ ಮಾಡ್ತೀನಿ ಅಂತು. ಇದೆಲ್ಲದರ ಮಧ್ಯೆ 2020ರಲ್ಲಿ ಫಶಾನು ಹೆಸರನ್ನ ನ್ಯಾಷನಲ್ ಫುಟ್‌ಬಾಲ್ ಮ್ಯೂಸಿಯಂನ ಹಾಲ್ ಆಫ್ ಫೇಮ್‌ಗೆ ಸೇರಿಸಿದ್ರು, ಬದುಕಿದ್ದಿದ್ರೆ ಅವತ್ತು ಅವನಿಗೆ 59 ತುಂಬ್ತಿತ್ತು.