ಹಳೆಯ ಟಿವಿಗೆ ದುಡ್ಡು ಕೊಡುವವರು ಯಾರು?

2001ರ ಏಪ್ರಿಲ್‌ನಿಂದ ಜಪಾನಿನಲ್ಲಿ ಹಳೆಯ ಟಿವಿಯನ್ನು ಮನೆಯಿಂದ ಸಾಗಹಾಕಬೇಕೆಂದರೆ ಮನೆಯವರೇ ಹಣ ಕಟ್ಟಬೇಕಾಯಿತು. ದೊಡ್ಡ ಕಂಪನಿಗಳ ಆಗಿನ ದರ ಟಿವಿಗೆ 2,700 ಯೆನ್, ಫ್ರಿಜ್‌ಗೆ 4,600 ಯೆನ್. ಅದೇ ಕಾಲದಲ್ಲಿ ನಮ್ಮ ಬೀದಿಗಳಲ್ಲಿ ಗುಜರಿಯವನು ಕೆಟ್ಟ ಟಿವಿಯನ್ನು ಹೊತ್ತೊಯ್ಯುವುದಲ್ಲದೆ ನಮ್ಮ ಕೈಗೇ ನೂರಿನ್ನೂರು ರೂಪಾಯಿ ಇಟ್ಟು ಹೋಗುತ್ತಿದ್ದ. ಈಗಲೂ ಹಾಗೆಯೇ. ಏಷ್ಯಾದಲ್ಲಿ ಇ-ತ್ಯಾಜ್ಯದ ಹೊಣೆಯನ್ನು ಕಂಪನಿಗಳ ಹೆಗಲಿಗೇರಿಸಲು ನಡೆದ ಪ್ರಯತ್ನಗಳು ಎಲ್ಲಿ ಫಲಿಸಿದವು, ಎಲ್ಲಿ ಎಡವಿದವು ಎಂಬುದು ಬಹುಮಟ್ಟಿಗೆ ಈ ವ್ಯತ್ಯಾಸದಿಂದಲೇ ತಿಳಿಯುತ್ತದೆ.

ವಸ್ತು ಮಾರಾಟವಾದ ಮಾತ್ರಕ್ಕೆ ತಯಾರಕರ ಜವಾಬ್ದಾರಿ ಮುಗಿಯುವುದಿಲ್ಲ, ಅದು ಕಸವಾದ ಮೇಲೂ ಅವರದೇ ಎಂಬ ವಾದವನ್ನು 1990ರಲ್ಲಿ ಮುಂದಿಟ್ಟವರು ಸ್ವೀಡನ್ನಿನ ಥಾಮಸ್ ಲಿಂಡ್‌ಕ್ವಿಸ್ಟ್. ಉತ್ಪಾದಕರ ವಿಸ್ತರಿತ ಹೊಣೆಗಾರಿಕೆ, ಅಂದರೆ ಇಪಿಆರ್, ಎಂದು ನಮ್ಮ ಸರ್ಕಾರಿ ಕಡತಗಳು ಕರೆಯುವುದು ಇದನ್ನೇ. ಜಪಾನ್ 1998ರಲ್ಲಿ ಟಿವಿ, ಫ್ರಿಜ್, ಎ.ಸಿ. ಮತ್ತು ವಾಷಿಂಗ್ ಮಷೀನುಗಳಿಗಾಗಿ ಕಾನೂನು ಮಾಡಿತು. ಹಣ ಗ್ರಾಹಕನದು, ಕೆಲಸ ಕಂಪನಿಯದು. ತಯಾರಕರು ಎರಡು ಗುಂಪುಗಳಾಗಿ ಸೇರಿ ಸಂಸ್ಕರಣಾ ಜಾಲ ಕಟ್ಟಿಕೊಂಡರು. ಪ್ಯಾನಸೋನಿಕ್ (ಆಗಿನ ಮತ್ಸುಶಿತಾ) ಹ್ಯೋಗೊ ಪ್ರಾಂತ್ಯದ ಕಾಟೊದಲ್ಲಿ ತನ್ನದೇ ಘಟಕ ತೆರೆಯಿತು. ತಾನು ಮಾಡಿದ್ದನ್ನು ತಾನೇ ಬಿಚ್ಚಬೇಕಾಗಿ ಬಂದರೆ, ಸ್ಕ್ರೂಗಳು ಎಷ್ಟಿರಬೇಕು, ಪ್ಲಾಸ್ಟಿಕ್‌ನಲ್ಲಿ ಎಷ್ಟು ಬಗೆ ಬೆರೆಸಬೇಕು ಎಂದು ವಿನ್ಯಾಸ ಮಾಡುವವನೂ ಯೋಚಿಸಲೇಬೇಕಾಗುತ್ತದೆ. ನನ್ನ ದೃಷ್ಟಿಯಲ್ಲಿ ಜಪಾನಿನ ಏರ್ಪಾಡಿನ ನಿಜವಾದ ಲಾಭ ಇದೇ. ಹಣ ಕಟ್ಟಲು ಮನಸ್ಸಿಲ್ಲದೆ ಕದ್ದು ಬಿಸಾಡಿದವರು ಅಲ್ಲೂ ಇದ್ದರು ಎನ್ನುವುದು ಬೇರೆ ಮಾತು.

ಚೀನಾದ ದಾರಿ ಬೇರೆ. ಶ್ರೀಮಂತ ದೇಶಗಳ ಕಂಪ್ಯೂಟರ್ ಕಸ ಗುವಾಂಗ್‌ಡಾಂಗ್ ಪ್ರಾಂತ್ಯದ ಗುಯಿಯು ಪಟ್ಟಣದಲ್ಲಿ ಹೇಗೆ ಸುಡಲ್ಪಡುತ್ತಿದೆ, ಆ್ಯಸಿಡ್‌ನಲ್ಲಿ ಹೇಗೆ ಅದ್ದಲ್ಪಡುತ್ತಿದೆ ಎಂಬುದನ್ನು 2002ರ ಒಂದು ವರದಿ ಜಗತ್ತಿಗೆ ತೋರಿಸಿತ್ತು. ಅಪಾಯಕಾರಿ ತ್ಯಾಜ್ಯದ ಸಾಗಣೆಯನ್ನು ಹತೋಟಿಯಲ್ಲಿಡುವ ಬಾಸೆಲ್ ಒಪ್ಪಂದ 1992ರಿಂದಲೇ ಜಾರಿಯಲ್ಲಿದ್ದರೂ ಕಂಟೇನರುಗಳು ಬರುವುದು ನಿಂತಿರಲಿಲ್ಲ. 2012ರಲ್ಲಿ ಚೀನಾ ಒಂದು ನಿಧಿ ಸ್ಥಾಪಿಸಿತು. ಪ್ರತಿ ಹೊಸ ಟಿವಿಗೆ ತಯಾರಕರಿಂದ 13 ಯುವಾನ್ ವಸೂಲಿ, ಪ್ರತಿ ಹಳೆಯ ಟಿವಿಯನ್ನು ಕ್ರಮವಾಗಿ ಬಿಚ್ಚಿದ ಘಟಕಕ್ಕೆ 85 ಯುವಾನ್ ಸಹಾಯಧನ. ಬೀದಿಯ ಗುಜರಿಯವನಿಗಿಂತ ಹೆಚ್ಚು ಬೆಲೆ ಕೊಟ್ಟು ಕೊಳ್ಳುವ ಶಕ್ತಿ ಹೀಗೆ ಅಧಿಕೃತ ಘಟಕಗಳಿಗೆ ಬಂತು. ಆದರೆ 13 ಪಡೆದು 85 ಕೊಡುವ ಲೆಕ್ಕ ಎಷ್ಟು ದಿನ ನಡೆದೀತು? ನಿಧಿ ಕೊರತೆಗೆ ಬಿತ್ತು, ಸಹಾಯಧನ ಇಳಿಯಿತು, 2024ರ ಜನವರಿಯಿಂದ ತಯಾರಕರಿಂದ ವಸೂಲಿ ಮಾಡುವುದೇ ನಿಂತಿತು.

ಭಾರತದಲ್ಲಿ ಕಾನೂನಿಗಿಂತ ಮೊದಲೇ ಕೆಲಸ ಶುರುವಾಗಿತ್ತು, ಅದೂ ಬೆಂಗಳೂರಿನ ಪಕ್ಕದಲ್ಲಿ. ಪಿ. ಪಾರ್ಥಸಾರಥಿ ಅವರ ಇ-ಪರಿಸರ ಸಂಸ್ಥೆ 2005ರಲ್ಲಿ ದಾಬಸ್‌ಪೇಟೆಯಲ್ಲಿ ದೇಶದ ಮೊದಲ ಅಧಿಕೃತ ಇ-ತ್ಯಾಜ್ಯ ಘಟಕವಾಗಿ ಆರಂಭವಾಯಿತು. ಇಲ್ಲಿ ಬೇರ್ಪಡಿಸಿದ ಸರ್ಕ್ಯೂಟ್ ಬೋರ್ಡುಗಳು ಚಿನ್ನ, ತಾಮ್ರ ತೆಗೆಯಲು ಬೆಲ್ಜಿಯಂನ ಯುಮಿಕೋರ್ ಕಂಪನಿಯ ಕುಲುಮೆಗೆ ಹೋಗುತ್ತಿದ್ದವು. ದೇಶದ ಮೊದಲ ಇ-ತ್ಯಾಜ್ಯ ನಿಯಮ ಬಂದದ್ದು 2011ರಲ್ಲಿ, ಜಾರಿಗೆ ಬಂದದ್ದು 2012ರ ಮೇ 1ರಂದು. ಅದರಲ್ಲಿ ಹೊಣೆ ತಯಾರಕರದು ಎಂದಿತ್ತು, ಎಷ್ಟು ಸಂಗ್ರಹಿಸಬೇಕೆಂಬ ಗುರಿ ಇರಲಿಲ್ಲ. ಗುರಿ ಕಾಣಿಸಿಕೊಂಡದ್ದು 2016ರ ನಿಯಮದಲ್ಲಿ: ಕಸವಾಗುವುದೆಂದು ಅಂದಾಜಿಸಿದ್ದರ ಶೇ 30ರಿಂದ ಆರಂಭ. 2018ರಲ್ಲಿ ಅದನ್ನೂ ಶೇ 10ಕ್ಕೆ ಇಳಿಸಿದರು. ಕಂಪನಿಗಳು ಸಂಗ್ರಹ ಕೇಂದ್ರಗಳ ಪಟ್ಟಿಯನ್ನು ವೆಬ್‌ಸೈಟಿನಲ್ಲಿ ಹಾಕಿದವು. ಹಳೆಯ ಮೊಬೈಲನ್ನು ಅಲ್ಲಿಯವರೆಗೆ ಹೊತ್ತು ಬಿಟ್ಟಿಯಾಗಿ ಕೊಟ್ಟು ಬರುವ ಪುಣ್ಯಾತ್ಮರು ಎಷ್ಟು ಮಂದಿ ಸಿಕ್ಕಾರು, ಗುಜರಿಯವನು ಮನೆ ಬಾಗಿಲಿಗೇ ಬಂದು ದುಡ್ಡು ಕೊಡುತ್ತಿರುವಾಗ?

2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಹೊಸ ನಿಯಮ ಈ ತೊಡಕನ್ನು ಮಾರುಕಟ್ಟೆಗೆ ಬಿಟ್ಟಿತು. ಕಂಪನಿಗಳು ಕಸ ಹುಡುಕಿಕೊಂಡು ತಿರುಗಬೇಕಿಲ್ಲ. ಇಷ್ಟು ಮರುಬಳಕೆ ಮಾಡಿದ್ದೇವೆ ಎಂದು ತೋರಿಸುವ ಪ್ರಮಾಣಪತ್ರವನ್ನು ನೋಂದಾಯಿತ ಮರುಬಳಕೆ ಘಟಕಗಳಿಂದ ತಮ್ಮ ಗುರಿಗೆ ತಕ್ಕಷ್ಟು ಕೊಂಡರಾಯಿತು. ಗುರಿ ಮೊದಲೆರಡು ವರ್ಷ ಶೇ 60, ಮುಂದೆ ಶೇ 80ರವರೆಗೆ. ವಸ್ತುಗಳ ಪಟ್ಟಿಯೂ 21ರಿಂದ 106ಕ್ಕೆ ಬೆಳೆಯಿತು. ಆದರೆ ಈ ಪತ್ರ ತೀರಾ ಅಗ್ಗವಾದರೆ ಘಟಕಗಳು ಗುಜರಿ ಮಂಡಿಯಲ್ಲಿ ಪೈಪೋಟಿ ಮಾಡುವುದು ಹೇಗೆ? ಅದಕ್ಕೇ 2024ರಲ್ಲಿ ಸರ್ಕಾರ ಗೃಹೋಪಯೋಗಿ ಉಪಕರಣಗಳಿಗೆ ಕಿಲೋಗೆ ಕನಿಷ್ಠ 22 ರೂಪಾಯಿ ನಿಗದಿ ಮಾಡಿತು. ಇದು ತಮ್ಮ ಮೇಲೆ ಭಾರಿ ಹೊರೆ ಎಂದು ಸ್ಯಾಮ್‌ಸಂಗ್, ಎಲ್‌ಜಿ, ಡೈಕಿನ್, ವೋಲ್ಟಾಸ್ ಮುಂತಾದ ಕಂಪನಿಗಳು ದೆಹಲಿ ಹೈಕೋರ್ಟಿಗೆ ಹೋದವು. ಕೊರಿಯಾದಲ್ಲಿ 2003ರಿಂದಲೂ, ಜಪಾನಿನಲ್ಲಿ ಅದಕ್ಕೂ ಮೊದಲಿನಿಂದಲೂ ಇಂಥದೇ ಹೊಣೆ ಹೊತ್ತುಕೊಂಡು ವ್ಯಾಪಾರ ನಡೆಸಿದ ಕಂಪನಿಗಳೂ ಇವುಗಳಲ್ಲಿವೆ. ಇಲ್ಲಿನ 22 ರೂಪಾಯಿ ಅವಕ್ಕೆ ಅಷ್ಟು ಭಾರವಾದೀತೇ ಎಂಬ ಸಂಶಯ ನನಗಿದೆ.

ಬೆಲೆಯ ಜಗಳದ ಗದ್ದಲದಲ್ಲಿ ಇನ್ನೊಂದು ಲೋಪದತ್ತ ಹೆಚ್ಚು ಮಂದಿ ನೋಡುತ್ತಿಲ್ಲ. ಪ್ರಮಾಣಪತ್ರ ಸಿಗುವುದು ಚಿನ್ನ, ತಾಮ್ರ, ಅಲ್ಯೂಮಿನಿಯಂ ಮತ್ತು ಕಬ್ಬಿಣಕ್ಕೆ ಮಾತ್ರ. ಇವನ್ನು ಗುಜರಿಯವನೂ ಬಿಡುವುದಿಲ್ಲ. ಹಳೆಯ ಟಿವಿಯ ಪಿಕ್ಚರ್ ಟ್ಯೂಬಿನ ಸೀಸ ತುಂಬಿದ ಗಾಜನ್ನು ಕೊಳ್ಳುವವರಿಲ್ಲ, ಅದನ್ನು ಸರಿಯಾಗಿ ವಿಲೇವಾರಿ ಮಾಡಿದ ಘಟಕಕ್ಕೆ ಆ ಗಾಜಿನ ಲೆಕ್ಕದಲ್ಲಿ ಪ್ರಮಾಣಪತ್ರವೂ ಇಲ್ಲ.